ತಣ್ಣೀರಿನ ಬೋಗುಣಿ

ಕುದಿಯುವ ನೀರಿಲ್ಲದೆಯೇ ರೇಷ್ಮೆಗೂಡು ಬಿಚ್ಚಿಕೊಳ್ಳುವಂತಿದ್ದರೆ?

ಪುಷ್ಪಲತಾಗೆ ಈ ಪ್ರಶ್ನೆ ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ಅಕ್ಕನ ಜೊತೆ ಊಟಕ್ಕೆ ಕೂತಾಗ. ಅಕ್ಕ ಕೆಂಚಮ್ಮ ಬಿಸಿ ಮುದ್ದೆಯನ್ನು ಮುಟ್ಟಲಾರದೆ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಬೆರಳ ತುದಿಗಳೆಲ್ಲ ಬೆಂದು ಕೆಂಪಾಗಿದ್ದವು. ಮುದ್ದೆ ಆರಿ ಗಟ್ಟಿಯಾದ ಮೇಲೆ ಮುರಿದು ನುಂಗುವುದು ಅವಳಿಗೆ ಮೂವತ್ತು ವರ್ಷದ ರೂಢಿ. ತಂಗಿ ನೋಡುತ್ತಿದ್ದಾಳೆಂದು ಗೊತ್ತಾದಾಗ, "ಬಿಸಿ ತಿಂದ್ರೆ ನಂಗೆ ಹೊಟ್ಟೆಗೆ ಆಗಲ್ಲ ಕಣೆ" ಅಂದಳು. ಸುಳ್ಳು ಹೇಳುವಾಗ ಕೆಂಚಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಆ ಹೊತ್ತಿಗೆ ಮೆಟ್ರೊ ರೈಲು ರಾಮನಗರವನ್ನು ದಾಟಿ ಚನ್ನಪಟ್ಟಣ ಮುಟ್ಟಿತ್ತು. ಡ್ರೈವರಿಲ್ಲದ ಬಸ್ಸುಗಳು ಹೆದ್ದಾರಿಯಲ್ಲಿ ಯಾರನ್ನೂ ಬೈಯದೆ, ಯಾರಿಂದಲೂ ಬೈಸಿಕೊಳ್ಳದೆ ಓಡಾಡುತ್ತಿದ್ದವು. ಕಾಲ ಇಷ್ಟೆಲ್ಲ ಮುಂದೆ ಹೋದರೂ ರಾಮನಗರದ ಹೊಳೆದಂಡೆಯ ನೂಲುಬೀದಿಗೆ ಬರಲು ಮಾತ್ರ ಅದಕ್ಕೆ ಪುರುಸೊತ್ತಾಗಿರಲಿಲ್ಲ. ಅಲ್ಲಿ ಹೆಂಗಸರು ಈಗಲೂ ಹೊಗೆ ತುಂಬಿದ ಶೆಡ್ಡುಗಳಲ್ಲಿ ಕುದಿನೀರಿನ ಬೇಸಿನ್ನಿನ ಮುಂದೆ ಕೂತು, ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯುತ್ತಿದ್ದರು. ಏಳೆಂಟು ಗೂಡಿನ ಎಳೆಗಳನ್ನು ಸೇರಿಸಿ ತಿರುಗುವ ರಾಟೆಗೆ ಕೊಡುತ್ತಿದ್ದರು. ಎಳೆ ಕೊಟ್ಟ ಕೈಯನ್ನು ಪಕ್ಕದ ತಣ್ಣೀರಿನ ಬೋಗುಣಿಯಲ್ಲಿ ಒಮ್ಮೆ ಅದ್ದುವುದು, ಮತ್ತೆ ಕುದಿನೀರಿಗೆ ಹಾಕುವುದು. ದಿನಕ್ಕೆ ಸಾವಿರ ಸಲ ಇದೇ ಕೆಲಸ.

ಅವರಲ್ಲಿ ಕೆಂಚಮ್ಮನ ಬೆರಳು ಬೇರೆಯೇ. ಓಡುವ ನೂಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಗಳಿಗೆ ಹಿಡಿದು, ಇದರಲ್ಲಿ ಎಂಟು ಎಳೆ ಇದೆ, ಇದರಲ್ಲಿ ಏಳೇ, ಒಂದು ಈಗ ತಾನೆ ಕಿತ್ತುಹೋಯ್ತು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳು. ಅಳೆಯುವ ಯಂತ್ರ ಇಟ್ಟುಕೊಂಡ ವ್ಯಾಪಾರಿಗಳೂ ಯಂತ್ರ ಒಂದು, ಕೆಂಚಮ್ಮ ಒಂದು ಹೇಳಿದರೆ ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದರು. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕೆಲಸ ಕಲಿಸಿದವಳು ಅವಳೇ. ಓದು ಬರಹ ಇರಲಿಲ್ಲ. ಅಪ್ಪ ಸತ್ತಾಗ ಅವಳಿಗೆ ಒಂಬತ್ತು ವರ್ಷ, ಪುಷ್ಪಲತಾ ಇನ್ನೂ ತೊಟ್ಟಿಲಲ್ಲಿ. ಸ್ಲೇಟು ಬಿಟ್ಟು ಬೇಸಿನ್ನಿಗೆ ಕೂತವಳು ತಂಗಿ ಡಾಕ್ಟರೇಟು ಮುಗಿಸಿದ ಮೇಲೂ ಎದ್ದಿರಲಿಲ್ಲ. ಆ ಬೆಂದ ಕೈಗಳನ್ನು ನೋಡುತ್ತ ಪುಷ್ಪಲತಾ ಅಂದು ತನ್ನೊಳಗೇ ಒಂದು ಮಾತು ಕೊಟ್ಟುಕೊಂಡಳು. ಏನಾದರೂ ಮಾಡಿ ಅಕ್ಕನ ಕೈಯನ್ನು ಕುದಿನೀರಿನಿಂದ ಹೊರಗೆ ತೆಗೆಯಬೇಕು.

ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಕಿಣ್ವಗಳನ್ನು ತಿದ್ದುತ್ತಿದ್ದರು. ಕಿಣ್ವ ಅಂದರೆ ಜೀವಕೋಶದೊಳಗಿನ ಕೆಲಸದಾಳು, ಒಂದೊಂದಕ್ಕೆ ಒಂದೊಂದೇ ಕೆಲಸ ಗೊತ್ತು. ಅದರ ರಚನೆಯಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ ಸಾವಿರಾರು ತರದ ಮರಿಗಳನ್ನು ಮಾಡುವುದು, ಚುರುಕಾದವನ್ನು ಉಳಿಸಿ ಮಿಕ್ಕವನ್ನು ಚೆಲ್ಲುವುದು, ಉಳಿಸಿದವುಗಳಿಂದ ಮತ್ತೆ ಮರಿ ಮಾಡುವುದು. ಇಂಥ ಒಂದು ಸುತ್ತಿಗೆ ಅವರು ತಲೆಮಾರು ಅನ್ನುತ್ತಿದ್ದರು. ಗೂಡಿನಲ್ಲಿ ರೇಷ್ಮೆಯ ಎಳೆಯನ್ನು ಒಂದಕ್ಕೊಂದು ಹಿಡಿದಿರುವುದು ಹುಳವೇ ಉಗುಳಿದ ಅಂಟು, ಅದೂ ಒಂದು ಪ್ರೋಟೀನು. ಕುದಿನೀರು ಬೇಕಾಗುವುದು ಆ ಅಂಟು ಸಡಿಲಾಗಲಿ ಎಂದು. ಅಂಟನ್ನು ಮಾತ್ರ ಕತ್ತರಿಸಿ ಎಳೆಯನ್ನು ಮುಟ್ಟದ ಕಿಣ್ವ ಸಿಕ್ಕರೆ ಉಗುರುಬೆಚ್ಚಗಿನ ನೀರು ಸಾಕು.

ಪುಷ್ಪಲತಾ ಅಷ್ಟಕ್ಕೇ ನಿಲ್ಲಲಿಲ್ಲ. ಕರಗಿದ ಅಂಟು ಬೇಸಿನ್ನಿನ ನೀರಿನ ಜೊತೆ ಚರಂಡಿಗೆ ಹೋಗಿ ಊರೆಲ್ಲ ನಾರುತ್ತಿತ್ತಲ್ಲ, ಅದನ್ನೇ ಇಂಧನ ಮಾಡಿದಳು. ಬೇಸಿನ್ನಿನ ನೀರು ಪಕ್ಕದ ಒಂದು ಡಬ್ಬಿಗೆ ಹರಿಯುತ್ತದೆ. ಡಬ್ಬಿಯೊಳಗಿನ ಇಂಗಾಲದ ಹಾಳೆಗಳಿಗೆ ಅಂಟಿಸಿದ ಬೇರೆ ಕಿಣ್ವಗಳು ಅಂಟಿನ ತುಣುಕುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ತಂತಿಗೆ ದಾಟಿಸುತ್ತವೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಹೀಗೆ ಹುಟ್ಟಿದ ವಿದ್ಯುತ್ತೇ ರಾಟೆಯನ್ನು ತಿರುಗಿಸುತ್ತದೆ, ನೀರನ್ನೂ ಬೆಚ್ಚಗಿಡುತ್ತದೆ. ಕಾಗದದ ಮೇಲೆ ಎಲ್ಲವೂ ಬಲು ಚಂದವಾಗಿತ್ತು.

ಮೂರನೆಯ ತಲೆಮಾರಿನ ಕಿಣ್ವ ಬಲು ಸಾಧು. ಗೂಡನ್ನು ಬಿಚ್ಚುತ್ತಿತ್ತು, ಆದರೆ ನಿಧಾನ. ಅಂಟು ಹನಿಹನಿಯಾಗಿ ಹರಿದು ಡಬ್ಬಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ಒಂದು ಸಣ್ಣ ಬಲ್ಬು ಹತ್ತಿಸುವಷ್ಟರಲ್ಲಿ ಅದು ಸುಸ್ತಾಗುತ್ತಿತ್ತು. ಸಂಸ್ಥೆಯ ಮುಖ್ಯಸ್ಥ ಡಾಕ್ಟರ್ ಮಣಿಶೇಖರ್ ಬಂದು ಆ ಬಲ್ಬನ್ನು ನೋಡಿ ಮುಗುಳ್ನಕ್ಕರು.

"ಚೆನ್ನಾಗಿದೆ ಪುಷ್ಪಲತಾ, ಮಕ್ಕಳ ವಿಜ್ಞಾನ ಮೇಳಕ್ಕೆ. ರಾಟೆ ತಿರುಗಿಸೋದು ಯಾವಾಗ?"

ರಾಟೆ ತಿರುಗಿಸಿದ್ದು ಏಳನೆಯ ತಲೆಮಾರು. ಅದು ಹದಿನಾಲ್ಕು ಪಟ್ಟು ಚುರುಕು. ಚುರುಕಿನ ಆಳುಗಳಿಗೆ ಸ್ವಲ್ಪ ಆತುರ ಜಾಸ್ತಿ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯ ಚರ್ಮದ ತುಣುಕನ್ನು ಅದರಲ್ಲಿ ನೆನೆಹಾಕಿದಾಗ, ಇಪ್ಪತ್ತು ನಿಮಿಷದ ನಂತರ ಮೇಲ್ಪದರದ ಜೀವಕೋಶಗಳ ಬೆಸುಗೆ ಅಲ್ಲಲ್ಲಿ ಸಡಿಲಗೊಂಡದ್ದು ಕಂಡಿತು. ಪುಷ್ಪಲತಾ ಅದನ್ನು ಟಿಪ್ಪಣಿಯಲ್ಲಿ ಬರೆದಳು. ಬರೆದು, ನಿಜವಾದ ಕೈಗಳ ಮೇಲೆ ನೋಡೋಣ ಎಂದುಕೊಂಡಳು.

ನಿಜವಾದ ಕೈ ಕೆಂಚಮ್ಮನದು. ತಂಗಿ ಮಾಡಿದ ಮದ್ದನ್ನು ಮೊದಲು ಬೇರೆಯವರ ಬೇಸಿನ್ನಿಗೆ ಹಾಕಲು ಅವಳು ಒಪ್ಪಲಿಲ್ಲ. ಹತ್ತು ತಿಂಗಳು ಅವಳ ಹಳೇ ಬೇಸಿನ್ನಿನಲ್ಲೇ ಪರೀಕ್ಷೆ ನಡೆಯಿತು. ಮೇಲೆ ಕ್ಯಾಮೆರಾ, ಪಕ್ಕದಲ್ಲಿ ತಿಂಗಳಿಗೊಮ್ಮೆ ಬೆರಳು ನೋಡುವ ಚರ್ಮದ ಡಾಕ್ಟರು. ಬೆರಳಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂದರೆ ತಪ್ಪಾದೀತು, ಮೂವತ್ತು ವರ್ಷದ ಸುಟ್ಟಗಾಯಗಳು ವಾಸಿಯಾದವು. ಒಂದು ದಿನ ಪುಷ್ಪಲತಾ ಹೋದಾಗ ಕೆಂಚಮ್ಮ ಹಬೆಯಾಡುವ ಮುದ್ದೆಯನ್ನು ಮುರಿದು, ಉಪ್ಸಾರಿಗೆ ಅದ್ದಿ, ಫೂ ಎಂದು ಊದಿ ಬಾಯಿಗಿಟ್ಟುಕೊಂಡಳು.

"ಮುದ್ದೆಗೆ ಇಂಗೂ ಒಂದು ರುಚಿ ಅದೆ ಅಂತ ಮರ್ತೇ ಹೋಗಿತ್ತು ಕಣೆ ಪುಷ್ಪಿ."

ಪುಷ್ಪಲತಾ ಅಡುಗೆಮನೆಗೆ ಹೋಗಿ ನೀರು ಕುಡಿಯುವ ನೆವದಲ್ಲಿ ಅತ್ತಳು. ಅವಳ ಬದುಕಿನಲ್ಲಿ ಅಷ್ಟು ಸುಖದ ದಿನ ಮುಂದೆ ಬರಲಿಲ್ಲ. ಮರುದಿನ ಲ್ಯಾಬಿನಲ್ಲಿ ಆ ಹಳೆಯ ಟಿಪ್ಪಣಿ ಕಣ್ಣಿಗೆ ಬಿದ್ದಾಗ, ತಟ್ಟೆಯಲ್ಲಿ ಬೆಳೆಸಿದ ಚರ್ಮಕ್ಕಿಂತ ಅಕ್ಕನ ಚರ್ಮ ದೊಡ್ಡ ಸಾಕ್ಷಿ ಎಂದು ಅದರ ಮೇಲೆ ಅಡ್ಡಗೆರೆ ಎಳೆದಳು.

ಆಮೇಲೆ ಬೀದಿಗೆಲ್ಲ ಹೊಸ ಮೇಜು. ಅದರ ನಕ್ಷೆಯನ್ನು ಪುಷ್ಪಲತಾ ತಾನೇ ಬಿಡಿಸಿದಳು. ಬೇಸಿನ್ನು ನಡುವೆ, ರಾಟೆ ಹಿಂದೆ, ಬಲಗೈ ಪಕ್ಕದಲ್ಲಿ ಇಂಧನಕೋಶದ ಡಬ್ಬಿ. ನಕ್ಷೆಯನ್ನು ಅಕ್ಕನಿಗೆ ತೋರಿಸಿದಳು. ಕೆಂಚಮ್ಮ ತುಂಬ ಹೊತ್ತು ನೋಡಿ, ಬಲಗೈಯನ್ನು ಗಾಳಿಯಲ್ಲಿ ಆಡಿಸಿ ಕೇಳಿದಳು.

"ಬೋಗುಣಿ ಎಲ್ಲಿ ಮಡಗಾದು?"

"ಬೋಗುಣಿ ಯಾಕಕ್ಕ ಇನ್ನು? ನೀರೇ ಬಿಸಿ ಇರಲ್ಲವಲ್ಲ. ಆ ಜಾಗಕ್ಕೆ ಡಬ್ಬಿ ಬಂತು."

"ಮಡಗಿರು ವಸಿ ಜಾಗ. ಕೈ ರೂಢಿ ಬಿದ್ದೋಗದೆ."

"ರೂಢಿ ಬಿಟ್ಟುಹೋಗುತ್ತೆ ಬಿಡು. ಸುಮ್ಮನೆ ನೀರು ಚೆಲ್ಲಿ ಡಬ್ಬಿಗೆ ಬಿದ್ದರೆ ಕಷ್ಟ."

ಓದಿದ ತಂಗಿ ಹೇಳಿದ ಮೇಲೆ ಮುಗಿಯಿತು. ಕೆಂಚಮ್ಮ ತಲೆಯಾಡಿಸಿದಳು.

ಇನ್ನೂರ ಹತ್ತು ಮೇಜುಗಳು ನೂಲುಬೀದಿಗೆ ಬಂದ ವರ್ಷವನ್ನು ಅಲ್ಲಿನವರು ಹಬ್ಬದ ವರ್ಷ ಎಂದೇ ಕರೆದರು. ಸೌದೆ ಒಲೆಗಳು ಆರಿದವು. ಬೇಯುವ ಹುಳದ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ನೆಂಟರು ಬಂದು ಉಳಿಯತೊಡಗಿದರು. ಕೆಮ್ಮುತ್ತಿದ್ದವರ ಕೆಮ್ಮು ನಿಂತಿತು. ಡಬ್ಬಿಯಲ್ಲಿ ಮಿಕ್ಕ ವಿದ್ಯುತ್ತಿನಿಂದ ಮನೆಮನೆಯಲ್ಲಿ ಫ್ಯಾನು ತಿರುಗಿತು. ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರ ಕೈ ಮೆತ್ತಗಾದವು. ಕೆಂಚಮ್ಮನ ಎದುರು ಮನೆಯ ಮುಬೀನಾ, ಬೇಸಿನ್ನಿನ ಕೆಲಸದಲ್ಲೂ ಮಾತಿನಲ್ಲೂ ಬೀದಿಗೇ ಜೋರು, ಬಳೆಗಾರನ ಮುಂದೆ ಕೈ ನೀಡಿ ಕೇಳಿದಳಂತೆ: "ನೋಡಪ್ಪ, ಇದು ನೂಲು ತೆಗೆಯೋ ಕೈಯೋ, ನವಾಬರ ಮನೆ ಕೈಯೋ?" ಬಳೆಗಾರ ಸೋಪು ಹಚ್ಚದೆಯೇ ಎರಡು ಡಜನ್ ಬಳೆ ಏರಿಸಿ, ನವಾಬರ ಮನೆದೇ ಅಂದನಂತೆ. ಈ ಕಥೆಯನ್ನು ಪುಷ್ಪಲತಾ ಸಂಸ್ಥೆಯ ಸಭೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು. ಮೆತ್ತಗಾಗುವುದು ಯಾಕೆ ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದವಳು ಅವಳೇ ಆಗಿದ್ದಳು.

ಪುಷ್ಯದ ಒಂದು ಭಾನುವಾರ, ಮೇಜು ಬಂದು ಒಂದೂಕಾಲು ವರ್ಷವಾಗಿತ್ತು, ಪುಷ್ಪಲತಾ ಅಕ್ಕನ ಮನೆಗೆ ಹೋದಳು. ಅವರೆಕಾಯಿಯ ಕಾಲ. ಕೆಂಚಮ್ಮ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಹದವಾಗಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಮಾತಾಡುತ್ತ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ ಮಾಡುವ ಕೆಲಸ ಅದು. ಕೆಂಚಮ್ಮ ಮಾತಾಡುತ್ತಿರಲಿಲ್ಲ. ಕಾಳಿನ ಮೇಲೇ ಕಣ್ಣು ನೆಟ್ಟು ಒಂದೊಂದನ್ನೇ ಒತ್ತುತ್ತಿದ್ದಳು. ಪಾತ್ರೆಯಲ್ಲಿ ಅರ್ಧಕ್ಕರ್ಧ ಬೇಳೆ ನಜ್ಜುಗುಜ್ಜಾಗಿತ್ತು.

"ಏನಕ್ಕ, ಹಿತುಕ್ತಿದ್ದೀಯೋ ಅರೀತಿದ್ದೀಯೋ?" ಎಂದು ಪುಷ್ಪಲತಾ ತಮಾಷೆ ಮಾಡಿದಳು.

ಕೆಂಚಮ್ಮ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಎದುರು ಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

"ಒತ್ತಿದ್ದು ಗೊತ್ತಾಗಕಿಲ್ಲ ಕಣೆ. ಕಾಳು ಕೈಲಿ ಅದೋ ಇಲ್ವೋ ಅಂತ ನೋಡ್ಕಬೇಕು. ವಯಸ್ಸಾಯ್ತಲ್ಲ, ಅದ್ಕೆ ಇರಬೋದು ಅಂತ ಸುಮ್ಕಿದ್ದೆ. ಮೊನ್ನೆ ಯಾಪಾರಿ ನೂಲು ಕೊಟ್ಟು ಎಷ್ಟು ಎಳೆ ಯೋಳಮ್ಮ ಅಂದ. ಎಂಟು ಅಂದೆ. ಆರಿತ್ತು. ತಮಾಷೆ ಮಾಡ್ತೀನಿ ಅಂದ್ಕಂಡು ನಕ್ಕ. ನಾನೂ ನಕ್ಕೆ."

"ಎಷ್ಟು ದಿನದಿಂದ?"

"ದೀವಳಿಗೆ ಮುಂಚಿಂದ. ಮುಬೀನಾ ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ಕಂಡವ್ಳೆ, ಈರುಳ್ಳಿ ಕೆಂಪಗಾದ್ ಮೇಲೇ ಗೊತ್ತಾಗಿದ್ದು. ಬೀದೀಲಿ ಎಲ್ಲಾರ್ಗೂ ವಸಿ ವಸಿ ಅಂಗೇ ಅದೆ. ನಿಂಗೆ ಯೋಳಬ್ಯಾಡಿ ಅಂದಿದ್ದೆ."

"ಯಾಕಕ್ಕ?"

"ನಿಂಗೆ ಬ್ಯಾಸರ ಆಗ್ತದಲ್ಲ."

ಪುಷ್ಪಲತಾ ಅಕ್ಕನ ಕೈ ಹಿಡಿದುಕೊಂಡಳು. ತೆಳುವಾಗಿ ಸವೆದ ಜಾಗವನ್ನು ಮುಚ್ಚಲು ದೇಹ ಹೊಸ ಚರ್ಮ ಕಟ್ಟಿತ್ತು. ಮಿರಿಮಿರಿ ಮಿಂಚುವ, ದಪ್ಪನೆಯ ಚರ್ಮ. ತನ್ನ ಬೆರಳಿನಿಂದ ಅಕ್ಕನ ಬೆರಳ ತುದಿಯನ್ನು ಮೆಲ್ಲಗೆ ತಟ್ಟಿದಳು. ಕೆಂಚಮ್ಮ ಬೀದಿಯ ಕಡೆ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಉಗುರಿನಿಂದ ಜೋರಾಗಿ ಚುಚ್ಚಿದಳು. ಆಗಲೂ ಅಕ್ಕ ತಿರುಗಲಿಲ್ಲ.

ಅಂದಿನಿಂದ ಅವಳು ಲ್ಯಾಬಿನಲ್ಲೇ ಬೀಡುಬಿಟ್ಟಳು. ಕಾಡಿದ ಪ್ರಶ್ನೆ ಒಂದೇ. ಅದೇ ಕಿಣ್ವ, ಅದೇ ನೀರು, ಅದೇ ಅಕ್ಕ. ಹತ್ತು ತಿಂಗಳ ಪರೀಕ್ಷೆಯಲ್ಲಿ ಏನೂ ಆಗದ ಬೆರಳಿಗೆ ಆಮೇಲೆ ಆದದ್ದೇನು? ಮೊದಲು ನೀರಿನ ಮೇಲೆ ಅನುಮಾನ ಪಟ್ಟಳು, ಆಮೇಲೆ ಕಿಣ್ವದ ತಯಾರಿಕೆಯ ಮೇಲೆ, ಆಮೇಲೆ ಗೂಡುಗಳ ಮೇಲೆ. ಮೂರು ವಾರ ಹುಡುಕಿದರೂ ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಗೆ ಬೇರೆ ದಾರಿ ಕಾಣದೆ ಪರೀಕ್ಷೆಯ ಕಾಲದ ಹಳೆಯ ವಿಡಿಯೋಗಳನ್ನು ಹಾಕಿಕೊಂಡು ಕೂತಳು. ಆ ವಿಡಿಯೋಗಳನ್ನು ಅವಳು ಹಿಂದೆ ನೂರು ಸಲ ನೋಡಿದ್ದಳು. ಆಗೆಲ್ಲ ಅವಳ ಕಣ್ಣು ಇದ್ದದ್ದು ನೂಲಿನ ಮೇಲೆ. ಈಗ ಕೈಯನ್ನು ನೋಡಿದಳು.

ಕೆಂಚಮ್ಮನ ಕೈ ಎಳೆ ಹಿಡಿಯಿತು, ರಾಟೆಗೆ ಕೊಟ್ಟಿತು, ಬೋಗುಣಿಗೆ ಹೋಯಿತು. ಮತ್ತೆ ಎಳೆ, ಮತ್ತೆ ರಾಟೆ, ಮತ್ತೆ ಬೋಗುಣಿ. ನೀರು ಉಗುರುಬೆಚ್ಚಗಿದೆ, ಕೈ ಸುಡುತ್ತಿಲ್ಲ, ಆದರೂ ಮೂವತ್ತು ವರ್ಷದ ರೂಢಿ ಕೈಯನ್ನು ತಣ್ಣೀರಿಗೆ ಎಳೆದೊಯ್ಯುತ್ತಿದೆ. ಅರ್ಧ ನಿಮಿಷಕ್ಕೊಂದು ಸಲ. ಹತ್ತು ತಿಂಗಳಿಡೀ.

ಪುಷ್ಪಲತಾ ಎದ್ದು ಒಂದು ತಟ್ಟೆ ಚರ್ಮವನ್ನು ಕಿಣ್ವದಲ್ಲಿ ಅದ್ದಿ, ಅರ್ಧ ನಿಮಿಷಕ್ಕೊಮ್ಮೆ ನಲ್ಲಿಯ ತಣ್ಣೀರಿನಲ್ಲಿ ಅದ್ದುತ್ತ ಕೂತಳು. ಒಂದು ದಿನವಾಯಿತು, ಎರಡು ದಿನವಾಯಿತು. ಚರ್ಮಕ್ಕೆ ಏನೂ ಆಗಲಿಲ್ಲ. ಕಾರಣ ತೀರಾ ಸರಳ. ಏಳನೆಯ ತಲೆಮಾರಿನ ಕಿಣ್ವಕ್ಕೆ ಚರ್ಮದ ಮೇಲೆ ಹಿಡಿತ ಸಿಗಲು ಕೆಲವು ನಿಮಿಷ ಬೇಕು. ತಣ್ಣೀರು ತಾಗಿದೊಡನೆ ಅದು ಮುದುಡಿ, ಹಿಡಿತ ಬಿಟ್ಟು ತೊಳೆದುಹೋಗುತ್ತದೆ. ಬೋಗುಣಿ ಇದ್ದಷ್ಟು ದಿನ ಅದಕ್ಕೆ ಕೆಲಸ ಶುರುಮಾಡುವುದಕ್ಕೇ ಬಿಡುವಾಗಿರಲಿಲ್ಲ. ಪರೀಕ್ಷೆಯಲ್ಲಿ ಗೆದ್ದದ್ದು ಅವಳ ಕಿಣ್ವವಲ್ಲ, ಅಕ್ಕನ ರೂಢಿ. ಆ ರೂಢಿಯನ್ನು ಅಕ್ಕ ಬಾಯಿಬಿಟ್ಟು ಹೇಳಿದ್ದಳು, ವಸಿ ಜಾಗ ಮಡಗು ಅಂತ. ಅದನ್ನು ತೆಗೆದುಹಾಕಿದ ಕೈ ತನ್ನದು. ಪುಷ್ಪಲತಾ ತೊಳೆಯುವ ಸಿಂಕಿನ ಮುಂದೆ ನಿಂತು, ನಲ್ಲಿ ನಿಲ್ಲಿಸುವುದನ್ನೂ ಮರೆತು, ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು.

ಡಾಕ್ಟರ್ ಮಣಿಶೇಖರ್ ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟವರಲ್ಲ, ಗಾಬರಿ ಬಿದ್ದವರು. ಅಂದೇ ಮೇಜುಗಳಿಗೆಲ್ಲ ಬೋಗುಣಿ ಕೂರಿಸಲು ಆಳುಗಳನ್ನು ಕಳಿಸಿದರು. ಸರ್ಕಾರಕ್ಕೂ ತಿಳಿಸಿದರು. ಬೀದಿಗೆ ನರದ ಡಾಕ್ಟರುಗಳು ಬಂದು ಬೆರಳು ಪರೀಕ್ಷೆ ಮಾಡಿದರು. ಇತ್ತೀಚೆಗೆ ಕೂತ ಚಿಕ್ಕ ವಯಸ್ಸಿನವರಿಗೆ ಸ್ಪರ್ಶ ಮರಳಬಹುದು, ಇನ್ನು ಮುಂದೆ ಚರ್ಮಕ್ಕೆ ಪೆಟ್ಟು ಬೀಳದಿದ್ದರೆ ಮಾತ್ರ ಎಂದರು. ಕೆಂಚಮ್ಮ, ಮುಬೀನಾ ಮತ್ತು ಇನ್ನೂ ನಲವತ್ತು ಜನರ ಕಾಗದದಲ್ಲಿ, ಸ್ಪರ್ಶ ಮರಳಬಹುದು ಎಂದು ಬರೆಯುವ ಜಾಗಕ್ಕೆ ಒಂದು ಗೆರೆ ಎಳೆದರು. ಬೋಗುಣಿಯೊಂದೇ ಸಾಲದು, ಎಂದಾದರೊಮ್ಮೆ ಕೈ ಮರೆಯುತ್ತದೆ, ಚರ್ಮವನ್ನು ಮುಟ್ಟದ ಹೊಸ ಕಿಣ್ವವೇ ಬೇಕು ಎಂಬುದೂ ಎಲ್ಲರಿಗೂ ಗೊತ್ತಾಯಿತು. ಆ ಎಂಟನೆಯ ತಲೆಮಾರನ್ನು ಪುಷ್ಪಲತಾ ಆಗಲೇ ಅರ್ಧ ಮಾಡಿ ಮುಗಿಸಿದ್ದಳು.

ತನಿಖೆಗೆ ಗದಗದ ಕಡೆಯ ಅಧಿಕಾರಿ ಹೊಸಮನಿ ಬಂದರು. ಅವರ ಮುಂದಿದ್ದ ಪ್ರಶ್ನೆ ಒಂದೇ. ಬೋಗುಣಿಯನ್ನು ಬೇಡವೆಂದವರು ಯಾರು? ಸಂಸ್ಥೆಯವರಾದರೆ ಅವರು ಕೆಲಸದಿಂದ ಹೊರಗೆ, ಮುಂದೆ ಯಾವ ಪ್ರಯೋಗಾಲಯಕ್ಕೂ ಕಾಲಿಡುವಂತಿಲ್ಲ. ನಕ್ಷೆಯ ಮೂಲೆಯಲ್ಲಿ ಒಂದೇ ಸಾಲಿತ್ತು: ಮುಖ್ಯ ನೂಲುಗಾರ್ತಿಯೊಡನೆ ಚರ್ಚಿಸಿದೆ. ಚರ್ಚೆಯಲ್ಲಿ ಯಾರು ಏನೆಂದರು ಎಂಬುದಕ್ಕೆ ಆ ಇಬ್ಬರನ್ನು ಬಿಟ್ಟರೆ ಸಾಕ್ಷಿಯಿರಲಿಲ್ಲ.

ಹೇಳಿಕೆ ಕೊಡುವ ದಿನ ಬೆಳಿಗ್ಗೆ ಪುಷ್ಪಲತಾ ಅಕ್ಕನ ಮನೆಗೆ ಹೋದಳು. ಕೆಂಚಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಬೇಯುವ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದಳು, ಅವಸರವಿಲ್ಲದೆ.

"ಅಕ್ಕ, ಇಕ್ಕಳ ತಗೋ."

"ಓ, ಹೌದಲ್ಲ" ಎಂದು ಕೆಂಚಮ್ಮ ಇಕ್ಕಳ ಹುಡುಕಿದಳು.

"ನಾನು ಇವತ್ತು ನಿಜ ಹೇಳಿಬಿಡ್ತೀನಿ. ಬೋಗುಣಿ ಬೇಡ ಅಂದದ್ದು ನಾನೇ ಅಂತ."

"ಯೋಳಿ?"

"ಹೇಳಿ ಹೊರಗೆ ಬರ್ತೀನಿ. ನನ್ನ ತಪ್ಪು, ನಾನು ಅನುಭವಿಸ್ಬೇಕು."

"ಅನುಭವಿಸೋಳು ನೀನಾ?" ಕೆಂಚಮ್ಮ ರೊಟ್ಟಿ ಕೆಳಗಿಳಿಸಿದಳು. ದನಿ ಏರಿರಲಿಲ್ಲ. "ನೀನು ಆಚೆ ಬಂದ್ರೆ ಆ ಎಂಟನೇದು ಯಾರು ಮಾಡ್ತಾರೆ? ನಿಮ್ಮ ಸಾಹೇಬ್ರು ಮಾಡ್ತಾರಾ?"

ಬೇರೆಯವರು ಮೊದಲಿನಿಂದ ಶುರುಮಾಡಿದರೆ ಮೂರು ವರ್ಷ ಬೇಕು. ಇಬ್ಬರಿಗೂ ಅದು ಗೊತ್ತಿತ್ತು.

"ಮುಬೀನಾ ಮಗಳು ಹೋದ ಯುಗಾದಿಲಿ ಬೇಸಿನ್‌ಗೆ ಕೂತವ್ಳೆ. ಅವಳ ಬೆರಳು ಇನ್ನೂ ಅರ್ಧ ಅದೆ. ಈ ಬೀದೀಲಿ ಕುದಿನೀರಿಗೆ ವಾಪಸ್ ಹೋಗೋಳು ಒಬ್ಳೂ ಇಲ್ಲ, ಕೇಳ್ನೋಡು. ಇದ್ರಲ್ಲೇ ಮುಂದಕ್ಕೆ ಹೋಗ್ಬೇಕು. ಬೋಗುಣಿ ನಾನೇ ಬ್ಯಾಡ ಅಂದೆ ಅಂತೀನಿ."

"ಅಕ್ಕ, ಆ ಹೆಂಗಸರೆಲ್ಲ ನಿನ್ನ ಮುಖ ನೋಡಲ್ಲ ಆಮೇಲೆ. ಎಲ್ಲರಿಗೂ ಕೆಲಸ ಕಲಿಸಿದವಳು ನೀನು."

"ಕಲಿಸ್ದೋಳು ತಪ್ಪು ಕಲಿಸಿದ್ಲು ಅಂದ್ಕತಾರೆ. ಅಂದ್ಕಳ್ಳಿ." ಕೆಂಚಮ್ಮ ತಟ್ಟೆಗೆ ರೊಟ್ಟಿ ಹಾಕಿ ತಂಗಿಯ ಮುಂದೆ ತಳ್ಳಿದಳು. "ನಂದು ಹೋಯ್ತು ಕಣೆ. ಕಲಿಸಕ್ಕೆ ಇನ್ನೇನದೆ ನನ್ ಕೈಲಿ? ತಿನ್ನು, ಆರೋಯ್ತದೆ."

ಪುಷ್ಪಲತಾ ತಿಂದಳು. ಹಾಗೆ ಕೂತು ತಿನ್ನಬಾರದಿತ್ತು, ಆಗಲೇ ಎದ್ದು ಹೋಗಿ ನಿಜ ಹೇಳಬೇಕಿತ್ತು ಎಂದು ಮುಂದೆ ಎಷ್ಟೋ ವರ್ಷ ಅವಳಿಗೆ ಅನ್ನಿಸುತ್ತಿತ್ತು. ಆದರೆ ಆ ಬೆಳಿಗ್ಗೆ ಅಕ್ಕನ ಮಾತಿನಲ್ಲಿ ನ್ಯಾಯವಿದೆ ಎಂದೂ ಅನ್ನಿಸಿತು, ಒಳಗೊಳಗೇ ಹಗುರವೂ ಆಯಿತು. ಆ ಹಗುರಕ್ಕೇ ಅವಳು ಹೆಚ್ಚು ನಾಚಿದ್ದು.

ಹೇಳಿಕೆಗಳನ್ನು ನೂಲುಬೀದಿಯ ಸಮುದಾಯ ಭವನದಲ್ಲಿ ತೆಗೆದುಕೊಂಡರು. ಹೆಂಗಸರು ಚಾಪೆಯ ಮೇಲೆ, ಸಂಸ್ಥೆಯವರು ಕುರ್ಚಿಯ ಮೇಲೆ. ಹೊಸಮನಿ ಮೃದು ಮಾತಿನ ಮನುಷ್ಯ. ಕೆಂಚಮ್ಮನನ್ನು ಕರೆದು ಕೂರಿಸಿ ಕೇಳಿದರು.

"ಹೇಳ್ರಿ ಅಮ್ಮಾರ, ಆ ಬೋಗುಣಿ ಬ್ಯಾಡ ಅಂದಾವ್ರು ಯಾರು?"

"ನಾನೇ ಸ್ವಾಮಿ. ಡಾಕ್ಟ್ರಮ್ಮ ಜಾಗ ಮಡಗಿದ್ರು. ನೀರು ಬಿಸಿನೇ ಇಲ್ವಲ್ಲ, ಬೋಗುಣಿ ಯಾಕೆ, ತೆಗೀರಿ ಅಂತ ನಾನೇ ಅಂದೆ. ಮೂವತ್ತು ವರ್ಷದಿಂದ ಕೂತೋಳು ಯೋಳ್ತಾವ್ಳೆ ಅಂತ ಅವ್ರು ನಂಬಿದ್ರು."

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಚಾಪೆಯ ಮೇಲಿಂದ ಮುಬೀನಾ ಎದ್ದು ನಿಂತಳು. ಕೆಂಚಮ್ಮನನ್ನು ಒಂದು ಸಲ ಉದ್ದಕ್ಕೂ ನೋಡಿ, ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಗೆ ನಡೆದಳು. ಅವಳ ಹಿಂದೆ ಇನ್ನೂ ಹತ್ತಾರು ಜನ ಎದ್ದರು. ಚಾಪೆ ಅರ್ಧ ಖಾಲಿಯಾಯಿತು.

"ನಿಮ್ಮದೇನರ ಹೇಳೂದು ಐತೇನ್ರಿ ಡಾಕ್ಟರ್?" ಎಂದು ಹೊಸಮನಿ ಪುಷ್ಪಲತಾಳ ಕಡೆ ತಿರುಗಿದರು.

ಅಕ್ಕ ಅವಳನ್ನು ನೋಡಲಿಲ್ಲ. ನೋಡಿದ್ದರೆ ನಿಜ ಹೊರಬರುತ್ತಿತ್ತೇನೋ. ಡಾಕ್ಟರ್ ಮಣಿಶೇಖರ್ ಪಕ್ಕದಲ್ಲೇ ಕೂತಿದ್ದರು. ಪುಷ್ಪಲತಾಳ ತಲೆಯಲ್ಲಿ ಎಂಟನೆಯ ತಲೆಮಾರು, ಮುಬೀನಾಳ ಮಗಳ ಅರ್ಧ ಉಳಿದ ಬೆರಳು, ಮೂರು ವರ್ಷ ಎಲ್ಲ ಒಟ್ಟಿಗೆ ಸುತ್ತಿದವು.

"ಏನೂ ಇಲ್ಲ" ಅಂದಳು.

ಗುಮಾಸ್ತ ಹೇಳಿಕೆಯನ್ನು ಓದಿ ಹೇಳಿ, ಕಾಗದವನ್ನೂ ಶಾಯಿಯ ದಿಂಬನ್ನೂ ಕೆಂಚಮ್ಮನ ಮುಂದಿಟ್ಟ. ಅವಳು ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ಇಟ್ಟಳು. ಎಷ್ಟು ಒತ್ತಿದೆ ಎಂದು ತಿಳಿಯದೆ ಕತ್ತೆತ್ತಿ ಕೇಳಿದಳು.

"ಒತ್ತಿದ್ನಾ? ಸಾಕಾ?"

ಹೊಸಮನಿ ಬಗ್ಗಿ ನೋಡಿದರು. ಕಾಗದದ ಮೇಲೆ ಒಂದು ಕರಿ ಬೊಟ್ಟು ಬಿದ್ದಿತ್ತು. ಬರೀ ಕರಿ. ಒಳಗೆ ಒಂದು ಗೆರೆಯಿಲ್ಲ, ಸುಳಿಯಿಲ್ಲ.

"ಗೆರಿನೇ ಮೂಡವಲ್ಲವಲ್ರಿ. ಇನ್ನೊಮ್ಮೆ ಒತ್ರಿ, ಮೆಲ್ಲಕ."

ಇನ್ನೊಮ್ಮೆ ಒತ್ತಿದಳು. ಬಲಗೈ ಹೆಬ್ಬೆರಳು ಒತ್ತಿದಳು. ಒಂದಾದ ಮೇಲೊಂದು ಹತ್ತೂ ಬೆರಳು ಒತ್ತಿದಳು. ಹತ್ತು ಕರಿ ಬೊಟ್ಟುಗಳು ಸಾಲಾಗಿ ಬಿದ್ದವು, ಒಂದಕ್ಕೊಂದು ವ್ಯತ್ಯಾಸವಿಲ್ಲದೆ. ಗುಮಾಸ್ತ ತಲೆ ಕೆರೆದುಕೊಂಡ. ಇದು ಯಾರ ಬೆರಳೂ ಆಗಬಹುದು, ಹೀಗಿದ್ದರೆ ಹೇಳಿಕೆ ನಿಲ್ಲುವುದಿಲ್ಲ ಎಂದು ಮೆಲ್ಲಗೆ ಅಂದ. ಹೊಸಮನಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇವ್ರನ್ನ ಬಲ್ಲಾವ್ರು ಯಾರರ ಒಬ್ಬರು ಸಾಕ್ಷಿ ಹಾಕಿದ್ರ ನಡೀತದ. ಈ ಹೆಬ್ಬಟ್ಟು ಇವ್ರದ, ನಮ್ಮ ಮುಂದ ಒತ್ತ್ಯಾರ ಅಂತ. ಇಲ್ಲೆ ಯಾರದಾರ್ರಿ ಇವ್ರ ಮಂದಿ?"

ಚಾಪೆಯ ಮೇಲೆ ಉಳಿದವರು ಯಾರೂ ಅಲುಗಲಿಲ್ಲ. ಕೆಂಚಮ್ಮ ಶಾಯಿಯ ಕೈಗಳನ್ನು ಸೀರೆಗೆ ತಾಗದಂತೆ ಮುಂದಕ್ಕೆ ಚಾಚಿ ಕೂತಿದ್ದಳು.

ಪುಷ್ಪಲತಾ ಎದ್ದು ಬಂದಳು. ಗುಮಾಸ್ತ ಪೆನ್ನು ಕೊಟ್ಟ. ಅವಳು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಹತ್ತು ಕರಿ ಬೊಟ್ಟುಗಳ ಕೆಳಗೆ, 'ಈ ಬೆರಳುಗಳು ಯಾರವೆಂದು ನಾನು ಬಲ್ಲೆ' ಎಂದು ಬರೆದು ಸಹಿ ಹಾಕಿದಳು.